ಮೈಕು ಆಮೇಲೆ, ಮೊದಲು ಕಿವಿ: ಮಹಡಿ ಮೇಲಿನ ಕೋಣೆಯಲ್ಲಿ ಸ್ಟುಡಿಯೊ ಮಾಡುವುದು ಹೇಗೆ?

ಪ್ರಶ್ನೆ: ಸರ್, ನಾನು ದಾವಣಗೆರೆಯ ನಿಟುವಳ್ಳಿಯವನು. ಮದುವೆ, ಜಾತ್ರೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮನೆ ಮಹಡಿಯಲ್ಲಿ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಆರ್‌ಸಿಸಿ ಕೋಣೆ ಖಾಲಿ ಇದೆ. ಭಜನೆ ಮೇಳದವರ ಹಾಡು, ಜನಪದ ಗೀತೆ, ಯೂಟ್ಯೂಬ್‌ಗೆ ಹಾಕುವ ಹಾಡುಗಳನ್ನು ರೆಕಾರ್ಡ್ ಮಾಡಿ ನಾನೇ ಮ್ಯೂಸಿಕ್ ಕೂಡಿಸಿ ಕೊಡಬೇಕೆಂಬ ಆಸೆ. ಲ್ಯಾಪ್‌ಟಾಪ್ ಇದೆ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇದೆ. ಸ್ನೇಹಿತರೊಬ್ಬರು ಪಟ್ಟಿ ಕೊಟ್ಟಿದ್ದಾರೆ: 60 ಸಾವಿರದ ದೊಡ್ಡ ಕಂಡೆನ್ಸರ್ ಮೈಕು, 16 ಚಾನೆಲ್ ಮಿಕ್ಸರ್, 8 ಇಂಚಿನ ಸ್ಪೀಕರ್ ಜೋಡಿ, ಗೋಡೆಗೆ ಕಪ್ಪು ಫೋಮು, ಬಣ್ಣದ ಲೈಟು. ಯಾವುದು ಮೊದಲು ತರಲಿ? ಇನ್ನೊಂದು ಮಾತು, ದೊಡ್ಡ ಮೈಕು ಕಂಡರೇನೇ ಗಿರಾಕಿ ನಂಬುತ್ತಾರೆ ಅಂತಾರೆ, ನಿಜವೇ?

ಉತ್ತರ:

ನಿಮ್ಮ ಸ್ನೇಹಿತರ ಪಟ್ಟಿಯಲ್ಲಿರುವ ಯಾವ ಸಾಮಾನೂ ಕೆಟ್ಟದ್ದಲ್ಲ. ಪಟ್ಟಿಯ ಕ್ರಮ ಮಾತ್ರ ತಲೆಕೆಳಗಾಗಿದೆ. ಹಾಡನ್ನು ಹಿಡಿಯುವ ಸಾಮಾನಿಗೆ ದುಡ್ಡೆಲ್ಲ ಸುರಿದು, ಹಿಡಿದದ್ದನ್ನು ಕೇಳಿಸಿಕೊಳ್ಳುವುದಕ್ಕೆ ಕೋಣೆಗೆ ಹೊಂದದ ಸ್ಪೀಕರ್ ಜೋಡಿ ಬಿಟ್ಟರೆ ಏನೂ ಉಳಿಸಿಲ್ಲ. ನೀವು ಹಾಡು ಹಿಡಿದುಕೊಡುವುದಷ್ಟೇ ಅಲ್ಲ, ಮ್ಯೂಸಿಕ್ ಕೂಡಿಸಿ ಪೂರ್ತಿ ಮಾಡಿ ಕೊಡುತ್ತೇನೆ ಅಂತೀರಿ. ಅಂದರೆ ದಿನಕ್ಕೆ ಒಂದು ಗಂಟೆ ಮೈಕಿನ ಕೆಲಸವಿದ್ದರೆ ಏಳೆಂಟು ಗಂಟೆ ಕಿವಿಯ ಕೆಲಸ. ನಿಮ್ಮ ಕೋಣೆ, ಹೆಡ್‌ಫೋನು, ಸ್ಪೀಕರು ಸುಳ್ಳು ಹೇಳಿದರೆ ನೀವು ಮಾಡುವ ಪ್ರತಿಯೊಂದು ತಿದ್ದುಪಡಿಯೂ ಆ ಸುಳ್ಳಿನ ಮೇಲೆ ನಿಲ್ಲುತ್ತದೆ. ಆದ್ದರಿಂದ ನಾನು ಕೋಣೆಯಿಂದಲೇ ಶುರು ಮಾಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಅಂಗಡಿಗೆ ಆಮೇಲೆ ಹೋಗೋಣ.

ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ‘ಟ್ರ್ರ್’ ಅಂತ ತಗಡು ಬಡಿದ ಹಾಗೆ ಒಂದು ಸದ್ದು ಬಾಲದಂತೆ ಹಿಂದೆ ಬರುತ್ತದೆ. ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಆಚೀಚೆ ಎಸೆದಾಡುವುದರಿಂದ ಅದು ಬರುತ್ತದೆ. ಇದು ಎಲ್ಲರ ಕಿವಿಗೂ ಬೀಳುವ ತೊಂದರೆ, ನೀಗುವುದೂ ಸುಲಭ. ಕಿವಿಗೆ ಸುಲಭಕ್ಕೆ ಸಿಗದ ತೊಂದರೆ ಕೆಳಸದ್ದಿನದು, ಅಂದರೆ ಬೇಸಿನದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 10 ಅಡಿ ಅಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ನಿಂತುಬಿಡುವ ಮೊದಲ ಅಲೆಯನ್ನು ಲೆಕ್ಕ ಹಾಕಬೇಕಾದರೆ 343ನ್ನು ಈ ಅಂತರದ ಎರಡರಷ್ಟರಿಂದ ಭಾಗಿಸಿ: 56 ಹರ್ಟ್ಜ್, ಅಂದರೆ ಸೆಕೆಂಡಿಗೆ 56 ಕಂಪನ. ನಿಮ್ಮ ಕೋಣೆಯ ಅಗಲವೂ 10 ಅಡಿ, ಎತ್ತರವೂ 10 ಅಡಿ. ಎರಡೂ ಕಡೆಯಿಂದ ಅದೇ 56 ಹರ್ಟ್ಜ್ ಒಂದರ ಮೇಲೊಂದು ಕೂರುತ್ತದೆ. 12 ಅಡಿ ಉದ್ದದ್ದು 47ರ ಹತ್ತಿರ, ಅದೂ ಪಕ್ಕದ ಮನೆಯೇ.

ಬೇಸ್ ಗಿಟಾರಿನ ಎ ತಂತಿಯ ಸ್ವರ 55 ಹರ್ಟ್ಜ್. ನೀವು ಕೀಬೋರ್ಡಿನಲ್ಲಿ ಆ ಸ್ವರ ಒತ್ತಿದಾಗ ಗೋಡೆ ಪಕ್ಕ ಕೂತರೆ ಎದೆಗೆ ಗುದ್ದಿದಂತೆ ಕೇಳುತ್ತದೆ, ನಡುಕೋಣೆಗೆ ಬಂದರೆ ಸ್ವರವೇ ಮಾಯ. ಕೇಳಿಸುತ್ತಿಲ್ಲವಲ್ಲ ಅಂತ ನೀವು ಬೇಸ್ ಏರಿಸುತ್ತೀರಿ. ಗಿರಾಕಿ ಅದನ್ನು ತನ್ನ ಕಾರಿನಲ್ಲಿ ಹಾಕಿದಾಗ ಬಾಗಿಲ ಗಾಜು ಅದುರುತ್ತದೆ. ಫೋನ್ ಮಾಡಿ, ‘ಏನ್ ಸಾರ್, ಹಾಡೇ ಕೇಳಲ್ಲ, ಬರೀ ಗುಂ ಅಂತದೆ’ ಅನ್ನುತ್ತಾರೆ. ತಪ್ಪು ಕೋಣೆಯದು, ಬೈಗುಳ ನಿಮಗೆ.

ಆದ್ದರಿಂದ ಮೊದಲ ಕೆಲಸಕ್ಕೆ ಕಾಸೇ ಬೇಡ. 10 ಅಡಿಯ ಗೋಡೆಯ ಕಡೆ ಮುಖ ಮಾಡಿ ಮೇಜು ಹಾಕಿ, ಸ್ಪೀಕರುಗಳು ಕೋಣೆಯ ಉದ್ದಕ್ಕೆ ಸದ್ದು ಬಿಡುವ ಹಾಗೆ. ಎಡ ಗೋಡೆಗೂ ಬಲ ಗೋಡೆಗೂ ಅಂತರ ಒಂದೇ ಇರಲಿ. ತಲೆ ಕೋಣೆಯ ನಟ್ಟನಡುವೆ ಬರದಿರಲಿ. ಮುಂದಿನ ಗೋಡೆಯಿಂದ ನಾಲ್ಕೂವರೆ ಅಡಿಯಷ್ಟು ದೂರದಲ್ಲಿ ಕೂತು ಕೇಳಿ, ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿದು, ಬೇಸ್ ಸ್ವರಗಳೆಲ್ಲ ಹೆಚ್ಚುಕಮ್ಮಿ ಒಂದೇ ತೂಕದಲ್ಲಿ ಕೇಳುವ ಜಾಗ ಹುಡುಕಿ. ಅರ್ಧ ದಿನದ ಕೆಲಸ. ಇದನ್ನು ಮಾಡದೆ ಎರಡು ಲಕ್ಷದ ಸ್ಪೀಕರ್ ತಂದವರನ್ನು ನೋಡಿದ್ದೇನೆ.

ಇನ್ನು ಫೋಮು. ಪಟ್ಟಿಯಲ್ಲಿರುವ ಒಂದು ಇಂಚಿನ ಕಪ್ಪು ಫೋಮು ಮೇಲಿನ ಸದ್ದನ್ನಷ್ಟೇ ನುಂಗುತ್ತದೆ. ಚಪ್ಪಾಳೆಯ ‘ಟ್ರ್ರ್’ ಹೋಗುತ್ತದೆ, ಕೆಳಸದ್ದಿನ ಗುಂಗು ಹಾಗೇ ಉಳಿಯುತ್ತದೆ. ಕೋಣೆ ಪೂರ್ತಿ ಅದನ್ನೇ ಅಂಟಿಸಿದರೆ ಹಾಡು ಕಂಬಳಿ ಹೊದ್ದುಕೊಂಡಂತೆ ಮಂಕಾಗಿ, ಅದರ ಕೆಳಗೆ ಬೇಸು ಮಾತ್ರ ಗುಡುಗುತ್ತಿರುತ್ತದೆ. ಮೊಟ್ಟೆ ಟ್ರೇ ಅಂಟಿಸುವ ಪುರಾಣವನ್ನಂತೂ ಇನ್ನಾದರೂ ಬಿಡೋಣ. ಅದು ತೆಳ್ಳನೆಯ ರಟ್ಟು. ಸದ್ದು ನುಂಗುವ ಶಕ್ತಿ ಹೆಚ್ಚಿಲ್ಲ, ಬೆಂಕಿ ಹಿಡಿಯುವ ಶಕ್ತಿ ಬೇಕಾದಷ್ಟಿದೆ.

ಕೆಲಸಕ್ಕೆ ಬರುವುದು ದಪ್ಪ. ಎಸಿ ಡಕ್ಟ್ ಕೆಲಸದವರು, ಫಾಲ್ಸ್ ಸೀಲಿಂಗ್ ಮಾಡುವವರು ಬಳಸುವ ರಾಕ್‌ವುಲ್ ಅಥವಾ ಗ್ಲಾಸ್‌ವುಲ್ ಹಲಗೆ ಕೇಳಿ. ಘನ ಮೀಟರಿಗೆ 48 ಕಿಲೊ ತೂಕದ್ದು, ಎರಡು ಇಂಚು ದಪ್ಪದ್ದು ಸಿಗುತ್ತದೆ. ಎರಡನ್ನು ಜೋಡಿಸಿದರೆ ನಾಲ್ಕು ಇಂಚು. ಬಡಗಿಯಿಂದ ರೀಪಿನ ಚೌಕಟ್ಟು ಮಾಡಿಸಿ, 4 ಅಡಿ ಉದ್ದ 2 ಅಡಿ ಅಗಲ ಸಾಕು. ಒಳಗೆ ಹಲಗೆ ಕೂರಿಸಿ ಮೇಲೆ ಕೋರಾ ಬಟ್ಟೆ ಬಿಗಿಯಿರಿ. ಬಟ್ಟೆ ಸರಿಯೋ ಇಲ್ಲವೋ ಅಂತ ನೋಡಲು ಬಾಯಿಗೆ ಹಿಡಿದು ಊದಿ. ಉಸಿರು ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಗ್ಜಿನ್ ಹೊದಿಸಿ ‘ಚೆಂದ ಕಾಣುತ್ತೆ’ ಅನ್ನುವವರ ಮಾತು ಕೇಳಬೇಡಿ. ಕೆಲಸ ಮಾಡುವಾಗ ಕೈಗವಸು, ಮುಖಕ್ಕೆ ಮಾಸ್ಕು ಇರಲಿ, ಆ ನೂಲು ಮೈಗೆ ತಾಗಿದರೆ ಎರಡು ದಿನ ತುರಿಕೆ.

ಇಂಥ ಎಂಟು ಚೌಕಟ್ಟು ಮಾಡಿಸಿ. ನಾಲ್ಕನ್ನು ಗೋಡೆ ಗೋಡೆ ಕೂಡುವ ಮೂಲೆಗಳಲ್ಲಿ ಓರೆಯಾಗಿ ನಿಲ್ಲಿಸಿ, ಹಿಂದೆ ಖಾಲಿ ಜಾಗ ಉಳಿಯಲಿ. ಕೆಳಸದ್ದು ಮೂಲೆಯಲ್ಲೇ ಮಡುಗಟ್ಟುವುದು. ಎರಡನ್ನು ಅಕ್ಕಪಕ್ಕದ ಗೋಡೆಗಳಿಗೆ ಹಾಕಿ. ಎಲ್ಲಿ ಹಾಕಬೇಕೆಂದರೆ, ನೀವು ಮೇಜಿನ ಮುಂದೆ ಕೂತು ಇನ್ನೊಬ್ಬರ ಕೈಗೆ ಕನ್ನಡಿ ಕೊಟ್ಟು ಗೋಡೆಗುಂಟ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆ ಗುರುತು ಮಾಡಿ. ಒಂದು ತಲೆಯ ಮೇಲೆ, ಒಂದು ಬೆನ್ನ ಹಿಂದಿನ ಗೋಡೆಗೆ. ಗೋಡೆಗೆ ಪೂರ್ತಿ ಅಂಟಿಸದೆ ನಾಲ್ಕು ಇಂಚು ಬಿಟ್ಟು ತೂಗುಹಾಕಿದರೆ ಅದೇ ಹಲಗೆ ಇನ್ನೂ ಕೆಳಗಿನ ಸದ್ದನ್ನು ಹಿಡಿಯುತ್ತದೆ. ಮೂಲೆಯವು 56 ಹರ್ಟ್ಜನ್ನು ಪೂರ್ತಿ ಅಡಗಿಸುತ್ತವೆ ಅಂತ ಸುಳ್ಳು ಹೇಳಲಾರೆ. ಆ ಅಲೆಯ ಉದ್ದ 6 ಮೀಟರಿಗೂ ಹೆಚ್ಚು, ನಮ್ಮ ಹಲಗೆಯ ದಪ್ಪ ನಾಲ್ಕೇ ಇಂಚು. ಅಲ್ಲಿಂದಾಚೆ ನಿಮಗೆ ಹೆಡ್‌ಫೋನು ನೆರವಾಗಬೇಕು.

ಹತ್ತಿಯ ಊರಿನವರಾದ್ದರಿಂದ ಇನ್ನೊಂದು ಉಪಾಯ ಹೇಳುತ್ತೇನೆ. ಗಿರಣಿಗಳ ಸೈರನ್ನು ನಿಂತುಹೋಗಿ ಕಾಲವಾದರೂ ಗಾದಿ ತುಂಬುವವರು ಊರಲ್ಲಿ ಇನ್ನೂ ಇದ್ದಾರೆ. ಹೊಸದಾಗಿ ಹಿಂಜಿದ ಹತ್ತಿಯ ದಪ್ಪ ಗಾದಿಯನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಮೊದಲ ನಾಲ್ಕು ವರ್ಷ ಹಾಡಿನ ಮೂಲೆಯಲ್ಲಿ ಇದ್ದದ್ದು ಎರಡು ಗಾದಿ, ಅಜ್ಜಿಯ ಮೂರು ಕೌದಿ. ಬೆನ್ನ ಹಿಂದೆ ಅಂದೆ, ಯಾಕೆ ಗೊತ್ತೇ? ಮೈಕು ಹಾಡುವವರ ಮುಖದ ಕಡೆ ನೋಡುತ್ತಿರುತ್ತದೆ, ಹಾಗಾಗಿ ಅವರ ಹಿಂದಿನ ಗೋಡೆಯಿಂದ ಬರುವ ಸದ್ದೇ ಅದಕ್ಕೆ ನೇರ ಕೇಳುವುದು. ಎಲ್ಲರೂ ಮೈಕಿನ ಹಿಂದೆ ಫೋಮು ಕಟ್ಟುತ್ತಾರೆ. ಹತ್ತಿ ಬೆಂಕಿಗೆ ಬೇಗ ಬಲಿ, ಸ್ವಿಚ್‌ಬೋರ್ಡಿನಿಂದ ದೂರ ಇಡಿ. ಇಲಿ ಗೂಡು ಮಾಡುತ್ತದೆ, ಆರು ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ.

ಈ ಕೆಲಸವೆಲ್ಲ ಒಳಗಿನ ಸದ್ದಿಗೆ. ಹೊರಗಿನ ಸದ್ದು ತಡೆಯುವುದು ಬೇರೆಯೇ ಕತೆ, ಅದಕ್ಕೆ ಭಾರ ಬೇಕು, ಸಂದು ಇರಬಾರದು. ಟೊಳ್ಳು ಬಾಗಿಲು ತೆಗೆದು ಗಟ್ಟಿ ಮರದ್ದು ಹಾಕಿಸಿ, ಸುತ್ತ ರಬ್ಬರ್ ಬೀಡಿಂಗ್ ಕೊಡಿಸಿ, ಕಿಟಕಿಗೆ ಒಳಗಡೆ ಇನ್ನೊಂದು ಗಾಜು ಹಾಕಿಸಿ. ಬಾಗಿಲಡಿ ಬೆರಳಗಲದ ಸಂದಿದ್ದರೆ ಅಷ್ಟೂ ಖರ್ಚು ಅಲ್ಲೇ ಸೋರಿಹೋಗುತ್ತದೆ. ಇಷ್ಟಾದರೂ ಗಣೇಶನ ಮೆರವಣಿಗೆಯ ಡಿಜೆ, ದುಗ್ಗಮ್ಮನ ಜಾತ್ರೆಯ ಧ್ವನಿವರ್ಧಕ ಒಳಗೆ ಬಂದೇ ಬರುತ್ತವೆ. ಅಂಥ ದಿನ ಮಿಕ್ಸಿಂಗ್ ಕೆಲಸ ಇಟ್ಟುಕೊಳ್ಳಿ. ನನ್ನ ಅನುಭವದಲ್ಲಿ ಹಾಡಿಗೆ ಒಳ್ಳೆಯ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು, ಊಟ ಮಾಡಿ ಓಣಿಯೇ ಒಂದು ನಿದ್ದೆ ತೆಗೆಯುವ ಸಮಯ. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಆ ಕೋಣೆಯಲ್ಲಿ ಹಾಡುವುದು ಕಷ್ಟ ನಿಜ. ಮುಂಚೆ ಅರ್ಧ ಗಂಟೆ ತಂಪು ಮಾಡಿ, ಟೇಕಿಗೆ ಮಾತ್ರ ಎಲ್ಲ ಆರಿಸಿ, ಪ್ರತಿ ಎರಡು ಟೇಕಿಗೊಮ್ಮೆ ಬಾಗಿಲು ತೆಗೆಯಿರಿ.

ಈಗ ಮೈಕು. ನನ್ನದೇ ಪೆಟ್ಟೊಂದನ್ನು ಹೇಳಿಬಿಡುತ್ತೇನೆ. ಶುರುವಿನಲ್ಲಿ ನಾನೂ ಸಾಲ ಮಾಡಿ ದೊಡ್ಡ ಕಂಡೆನ್ಸರ್ ಮೈಕು ತಂದೆ. ಆಗ ನಮ್ಮದು ಶೀಟು ಹೊದಿಸಿದ ಕೋಣೆ. ಒಂದು ಭಜನೆ ಮೇಳವನ್ನು ಅದರ ಮುಂದೆ ಅರ್ಧಚಂದ್ರಾಕಾರ ಕೂರಿಸಿ ಮೂರು ತಾಸು ರೆಕಾರ್ಡ್ ಮಾಡಿದೆ. ರಾತ್ರಿ ಕೇಳಿದರೆ ತತ್ವಪದದ ನಡುವೆ ಪಕ್ಕದ ಮನೆಯ ಕುಕ್ಕರ್ ಸೀಟಿ, ಶೀಟಿನ ಮೇಲೆ ಕಾಗೆ ನಡೆದದ್ದು, ಎಲ್ಲಕ್ಕೂ ಮೇಲೆ ಕೋಣೆಯ ಗುಂಯ್. ಮೇಳದವರು ಹೊಲದ ಕೆಲಸ ಬಿಟ್ಟು ಬಂದವರು. ಮತ್ತೊಮ್ಮೆ ಕರೆಸಿ, ಹೋಗಿ ಬರುವ ಬಸ್ಸಿನ ಖರ್ಚು ನಾನೇ ಕೊಟ್ಟೆ.

ಕಂಡೆನ್ಸರ್ ದೂರದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಡೈನಾಮಿಕ್ ಎಳೆದುಕೊಳ್ಳುವುದಿಲ್ಲ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ಡೈನಾಮಿಕ್ ಮೈಕಿನೊಳಗೆ ಪೊರೆಗೆ ಅಂಟಿದ ತಂತಿಸುರುಳಿ ಅಯಸ್ಕಾಂತದ ನಡುವೆ ಆಡಿ ವಿದ್ಯುತ್ ಹುಟ್ಟಿಸುತ್ತದೆ, ಸ್ಪೀಕರನ್ನು ತಿರುವುಮುರುವು ಮಾಡಿದ ಹಾಗೆ. ಕಂಡೆನ್ಸರಿನಲ್ಲಿ ಆ ಸುರುಳಿ ಇಲ್ಲ. ಬಹಳ ತೆಳುವಾದ ಪೊರೆ, ಅದರ ಬೆನ್ನಿಗೆ ಲೋಹದ ತಟ್ಟೆ, ಕೇಬಲಿನ ಮೂಲಕವೇ ಬರುವ 48 ವೋಲ್ಟ್ ಫ್ಯಾಂಟಮ್ ಪವರ್. ಪೊರೆ ಹಗುರ ಇರುವುದರಿಂದ ಸಣ್ಣ ಸದ್ದಿಗೂ, ಮೇಲಿನ ನಾದಕ್ಕೂ ಥಟ್ಟನೆ ಓಗೊಡುತ್ತದೆ. ಆದರೆ ಹಾಡೆಷ್ಟು, ಕೋಣೆಯ ಗುಂಗೆಷ್ಟು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಬಾಯಿಗೂ ಮೈಕಿಗೂ ಇರುವ ಅಂತರ. ಅಂತರ ಅರ್ಧ ಮಾಡಿದರೆ ಹಾಡಿನ ಸದ್ದು 6 ಡೆಸಿಬೆಲ್ ಏರುತ್ತದೆ, ಗುಂಗು ಇದ್ದಷ್ಟೇ ಇರುತ್ತದೆ. ಒಂದು ಅಡಿಯಿಂದ ಮೂರು ಇಂಚಿಗೆ ಬಂದರೆ 12 ಡೆಸಿಬೆಲ್ ಲಾಭ. ಡೈನಾಮಿಕ್ ಮೈಕನ್ನು ಬಾಯಿ ಹತ್ತಿರ ಹಿಡಿದೇ ಹಾಡುತ್ತಾರೆ, ದೊಡ್ಡ ಕಂಡೆನ್ಸರಿನ ಮುಂದೆ ದೂರ ನಿಲ್ಲುತ್ತಾರೆ. ವ್ಯತ್ಯಾಸದ ಬಹುಪಾಲು ಅಲ್ಲಿದೆ.

ಹಾಗಾಗಿ ನಿಮ್ಮ ಕೋಣೆಗೆ, ನಿಮ್ಮ ಗಿರಾಕಿಗಳಿಗೆ, ಮೊದಲು ಎರಡು ಡೈನಾಮಿಕ್ ಮೈಕು ತನ್ನಿ. ಶೂರ್ ಕಂಪನಿಯ ಎಸ್‌ಎಂ 57 ಬಂದದ್ದು 1965ರಲ್ಲಿ, ಎಸ್‌ಎಂ 58 ಅದರ ಮರುವರ್ಷ. ಇವತ್ತಿಗೂ ಎರಡೂ ಅಂಗಡಿಯಲ್ಲಿವೆ. ಆರ್ಕೆಸ್ಟ್ರಾದಲ್ಲಿ ನೀವು ದಿನಾ ನೋಡುವ ಜಾಲರಿ ಗುಂಡಿನ ಮೈಕೇ 58. 57ಕ್ಕೆ ಆ ಗುಂಡಿಲ್ಲ, ತಮಟೆ, ಹಾರ್ಮೋನಿಯಂ, ತಬಲಾ ಜೋಡಿಯ ಎಡಗೈ ವಾದ್ಯಕ್ಕೆ ಹತ್ತಿರ ಇಡಬಹುದು. ಒಂದು ಎಚ್ಚರಿಕೆ: 58ರ ನಕಲಿ ಮಾರುಕಟ್ಟೆಯಲ್ಲಿ ತುಂಬಿದೆ. ಅರ್ಧ ಬೆಲೆಗೆ ಸಿಕ್ಕಿತು ಅಂತ ಹಿಗ್ಗಬೇಡಿ, ಅಧಿಕೃತ ಡೀಲರರಿಂದ ಬಿಲ್ ಸಮೇತ ತನ್ನಿ. ಜೊತೆಗೆ ಸಾಧಾರಣ ಬೆಲೆಯ ಒಂದು ಕಂಡೆನ್ಸರ್ ಇರಲಿ. ಕೊಳಲು, ಏಕತಾರಿ, ಮೆಲುದನಿಯ ಹೆಣ್ಣುಮಕ್ಕಳ ಸೋಬಾನೆಗೆ ಅದು ಬೇಕು, ಗಾದಿಗಳ ನಡುವೆ ಇಟ್ಟು ಬಳಸಿ. ತೀರಾ ಹತ್ತಿರ ಹಾಡಿದಾಗ ದನಿಯ ಕೆಳಭಾಗ ಉಬ್ಬುತ್ತದೆ, 80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿದರೆ ಸ್ವಲ್ಪ ಹಿಡಿತಕ್ಕೆ ಬರುತ್ತದೆ. ‘ಪ’, ‘ಭ’ ಹೊಡೆತಕ್ಕೆ ಪಾಪ್ ಫಿಲ್ಟರು ಹಾಕಿ, ಮೈಕನ್ನು ಬಾಯಿಗೆ ನೇರ ಇಡದೆ ತುಸು ಓರೆ ಮಾಡಿ.

ಹಾರ್ಮೋನಿಯಂ ಬಗ್ಗೆ ಎರಡು ಮಾತು. ತಿದಿ ಒತ್ತುವ ಕಡೆ ಮೈಕಿಟ್ಟರೆ ಬರುವುದು ಬರೀ ಉಸಿರಾಟ. ಮೇಲಿನಿಂದ ಒಂದೂವರೆ ಅಡಿ ದೂರದಲ್ಲಿ, ಬೆರಳಿನಿಂದ ಒತ್ತುವ ಮನೆಗಳ ಕಡೆ ಓರೆಯಾಗಿ ಇಡಿ. ಕೀಬೋರ್ಡ್ ನುಡಿಸುವ ನಿಮಗೆ ಹೆಚ್ಚು ಬೇಕಾದ ವಿಷಯ ಶ್ರುತಿ. ಮೇಳದವರ ಹಳೆಯ ಪೆಟ್ಟಿಗೆಗಳು ಎ ಸ್ವರಕ್ಕೆ 440 ಹರ್ಟ್ಜ್ ಎಂಬ ಲೆಕ್ಕಕ್ಕೆ ಕೂರುವುದೇ ಅಪರೂಪ. ಅವರು ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆಯ ಶ್ರುತಿ, ಅಂದದ್ದು ನಿಮ್ಮ ಕೀಬೋರ್ಡಿನ ಕಪ್ಪು ಎರಡಕ್ಕಿಂತ ಕಾಲು ಸ್ವರ ಮೇಲೋ ಕೆಳಗೋ ಇರಬಹುದು. ರೆಕಾರ್ಡಿಂಗಿಗೆ ಮುಂಚೆಯೇ ಫೋನಿನ ಟ್ಯೂನರ್ ಆಪ್‌ನಲ್ಲಿ ನೋಡಿ, ಕೀಬೋರ್ಡಿನ ಮಾಸ್ಟರ್ ಟ್ಯೂನ್ ಅನ್ನು ಪೆಟ್ಟಿಗೆಗೆ ಹೊಂದಿಸಿ. ಹಾಡೆಲ್ಲ ಮುಗಿದ ಮೇಲೆ ಸಾಫ್ಟ್‌ವೇರಿನಲ್ಲಿ ಎಳೆದು ಕೂರಿಸೋಣ ಅಂದುಕೊಂಡರೆ ಹಾರ್ಮೋನಿಯಂ ಅಳುತ್ತದೆ.

ಡೊಳ್ಳನ್ನು ಆ ಕೋಣೆಯಲ್ಲಿ ಬಾರಿಸಲೇಬೇಡಿ. ಕೋಣೆಗೂ ಆಗುವುದಿಲ್ಲ, ಕಿವಿಗೂ ಆಗುವುದಿಲ್ಲ, ಕೆಳಗಿನ ಮನೆಯವರಿಗಂತೂ ಆಗುವುದೇ ಇಲ್ಲ. ಊರಾಚೆ ತೋಟವೋ ಕಣವೋ ನೋಡಿ, ಗಾಳಿ ಬೀಸದ ಮುಂಜಾನೆ ಮೈಕನ್ನು ನಾಲ್ಕೈದು ಅಡಿ ದೂರ ಇಟ್ಟು ರೆಕಾರ್ಡ್ ಮಾಡಿ. ಗೋಡೆಯೇ ಇಲ್ಲದ ಜಾಗಕ್ಕಿಂತ ಒಳ್ಳೆಯ ಸ್ಟುಡಿಯೊ ಡೊಳ್ಳಿಗೆ ಬೇರೆ ಸಿಗಲಾರದು.

ಹಳ್ಳಿಯ ಹಿರಿಯ ಹಾಡುಗಾರರ ವಿಷಯದಲ್ಲೂ ನನ್ನ ಅಭಿಪ್ರಾಯ ಹೆಚ್ಚುಕಮ್ಮಿ ಇದೇ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಅಂಥ ಕಾಡುಗೊಲ್ಲ ಹೆಣ್ಣುಮಕ್ಕಳನ್ನು ಕಾರು ಹತ್ತಿಸಿ ತಂದು, ಎಸಿ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ‘ಹಾಡವ್ವ’ ಅಂದರೆ ಪದ ಬರುವುದಿಲ್ಲ. ಅವರ ಜೊತೆ ಸೊಲ್ಲೆತ್ತಿಕೊಳ್ಳುವವರೂ ಬೇಕು, ಕೂತು ಅಭ್ಯಾಸವಾದ ಜಗಲಿಯೂ ಬೇಕು. ಬ್ಯಾಟರಿಯಲ್ಲಿ ಓಡುವ ಕೈ ರೆಕಾರ್ಡರುಗಳಿವೆ, ಮುಂದೆ ಎರಡು ಮೈಕು ಅಡ್ಡಡ್ಡ ಕೂತಿರುತ್ತವೆ, ಜೂಮ್ ಮುಂತಾದ ಕಂಪನಿಗಳದ್ದು. ವರ್ಷದೊಳಗೆ ಅಂಥದೊಂದನ್ನು ತೆಗೆದುಕೊಳ್ಳಿ. ಸ್ಟುಡಿಯೊ ಹಟ್ಟಿಗೆ ಹೋಗಲಿ.

ಮಿಕ್ಸರ್ ಬೇಡ. ಆರ್ಕೆಸ್ಟ್ರಾದವರಿಗೆ ಮಿಕ್ಸರ್ ಇಲ್ಲದೆ ಕೈ ಕಟ್ಟಿದಂತೆ ಅನಿಸುವುದು ನನಗೂ ಗೊತ್ತು. ಆದರೆ ಕಡಿಮೆ ಬೆಲೆಯ ಎಷ್ಟೋ 16 ಚಾನೆಲ್ ಮಿಕ್ಸರುಗಳು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳಿಸುವುದು ಎಡ ಬಲ ಎರಡೇ ಟ್ರ್ಯಾಕ್. ತಬಲಾ ಹೆಚ್ಚಾಯಿತು ಅಂತ ಆಮೇಲೆ ಇಳಿಸಲು ಬರುವುದಿಲ್ಲ, ಎಲ್ಲ ಒಂದೇ ಸಾರಿನಲ್ಲಿ ಕುದ್ದುಹೋಗಿರುತ್ತದೆ. ನಿಮಗೆ ಬೇಕಿರುವುದು ಆಡಿಯೊ ಇಂಟರ್‌ಫೇಸ್, ಪ್ರತಿ ಮೈಕಿನ ಸದ್ದನ್ನೂ ಬೇರೆಬೇರೆಯಾಗಿ ಲ್ಯಾಪ್‌ಟಾಪಿಗೆ ಒಯ್ಯುವ, ನಮ್ಮೂರಲ್ಲಿ ಈಗಲೂ ಸೌಂಡ್ ಕಾರ್ಡ್ ಅಂತಲೇ ಕರೆಯುವ ಪೆಟ್ಟಿಗೆ. ಎರಡು ಮೈಕಿನದ್ದು ಅಗ್ಗ, ಆದರೆ ಮುಖ್ಯ ಹಾಡುಗಾರರು, ಹಾರ್ಮೋನಿಯಂ, ತಬಲಾ, ಹಿಮ್ಮೇಳ ಅಂದರೆ ನಾಲ್ಕಾಯಿತು. ನಾಲ್ಕು ಮೈಕು ಹಿಡಿಯುವಂಥದ್ದನ್ನೇ ಕೊಳ್ಳಿ. ಪೆಟ್ಟಿಗೆಯ ಮೇಲೆ ‘18 ಇನ್‌ಪುಟ್’ ಅಂತ ದೊಡ್ಡದಾಗಿ ಬರೆದಿರುತ್ತದೆ, ಮೈಕಿನದ್ದು ಅದರಲ್ಲಿ ನಾಲ್ಕೇ ಇರಬಹುದು, ಉಳಿದದ್ದು ಲೈನ್, ಆಪ್ಟಿಕಲ್ ಇತ್ಯಾದಿ. ಎಕ್ಸ್‌ಎಲ್‌ಆರ್ ತೂತುಗಳನ್ನು, ಅಂದರೆ ಮೈಕಿನ ಮೂರು ಪಿನ್ನಿನ ಕೇಬಲ್ ಕೂರುವವನ್ನು, ಎಣಿಸಿ ದುಡ್ಡು ಕೊಡಿ.

ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗನ್ನು 24 ಬಿಟ್, 48 ಸಾವಿರ ಹರ್ಟ್ಜ್ (ಸೆಕೆಂಡಿಗೆ ಸದ್ದನ್ನು ಅಳೆಯುವ ಸಲ) ಇಟ್ಟುಕೊಂಡರೆ ಸಾಕು. 96 ಸಾವಿರ, 192 ಸಾವಿರ ಅಂತ ಲ್ಯಾಪ್‌ಟಾಪಿಗೆ ಸುಸ್ತು ಮಾಡಬೇಡಿ. ಅತಿ ಮೆಲ್ಲಗಿನಿಂದ ಅತಿ ಜೋರಿನವರೆಗೆ 16 ಬಿಟ್‌ಗೆ ಲೆಕ್ಕದಲ್ಲಿ 96 ಡೆಸಿಬೆಲ್ ಹರವು, 24 ಬಿಟ್‌ಗೆ 144. ಇದರಿಂದ ನಿಮಗಾಗುವ ಲಾಭ ಏನೆಂದರೆ ಕೆಂಪು ದೀಪದವರೆಗೆ ಗೇನ್ ಏರಿಸುವ ಕ್ಯಾಸೆಟ್ ಕಾಲದ ಚಟ ಬಿಡಬಹುದು. ಅತಿ ಗಟ್ಟಿ ಜಾಗದಲ್ಲೂ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸು ನಿಲ್ಲಲಿ. ನಮ್ಮ ಹಾಡುಗಾರರು ರಿಹರ್ಸಲಿನಲ್ಲಿ ಮೆಲ್ಲಗೆ ಹಾಡಿ ಟೇಕಿನಲ್ಲಿ ಆವೇಶ ಬಂದವರಂತೆ ಹಾಡುತ್ತಾರೆ. ದನಿ ಒಡೆದರೆ ಯಾವ ಸಾಫ್ಟ್‌ವೇರೂ ಪೂರ್ತಿ ಕೂಡಿಸಲಾರದು.

ಕಿವಿಗೆ ಬರುವ ಸದ್ದು ತಡವಾಗುವುದು ಇನ್ನೊಂದು ತಲೆನೋವು. ಸಾಫ್ಟ್‌ವೇರಿನಲ್ಲಿ ಬಫರ್ ಅಂತ ಇರುತ್ತದೆ, ಸದ್ದಿನ ತುಣುಕುಗಳನ್ನು ಕೂಡಿಟ್ಟು ಒಟ್ಟಿಗೆ ಸಾಗಿಸುವ ಬುಟ್ಟಿ. 48 ಸಾವಿರದಲ್ಲಿ 128 ಇಟ್ಟರೆ ಸುಮಾರು 2.7 ಮಿಲಿಸೆಕೆಂಡ್, ಮೂರಡಿ ಆಚೆ ಕೂತವನ ತಬಲಾ ಕೇಳಿದಷ್ಟು ತಡ. 1024 ಇಟ್ಟರೆ 21 ಮಿಲಿಸೆಕೆಂಡ್, ಅಂದರೆ 24 ಅಡಿ ಆಚೆ. ಹೋಗಿ ಬರುವ ದಾರಿ ಸೇರಿದರೆ ಇನ್ನೂ ಹೆಚ್ಚು. ಹಾಡುಗಾರ ‘ತಾಳ ಹಿಂದೆ ಬೀಳ್ತದೆ’ ಅಂದಾಗ ಅವರನ್ನು ದೂರುವ ಮುನ್ನ ಬಫರ್ ನೋಡಿ. ರೆಕಾರ್ಡ್ ಮಾಡುವಾಗ 128, ಮಿಕ್ಸ್ ಮಾಡುವಾಗ 1024. ಇಂಟರ್‌ಫೇಸಿನಲ್ಲೇ ನೇರ ಕೇಳುವ ಗುಂಡಿ ಇದ್ದರೆ ಈ ರಗಳೆಯೇ ಇಲ್ಲ.

ಹೆಡ್‌ಫೋನು ಎರಡು ತರದ್ದು ಬೇಕು. ಹಾಡುವವರಿಗೆ ಕಿವಿ ಪೂರ್ತಿ ಮುಚ್ಚುವಂಥದ್ದು, ಇಲ್ಲದಿದ್ದರೆ ಟ್ರ್ಯಾಕ್ ಸೋರಿ ಮೈಕಿಗೆ ಹೋಗುತ್ತದೆ. ಸೋನಿಯ ಎಂಡಿಆರ್ 7506 ಮೂವತ್ತಕ್ಕೂ ಹೆಚ್ಚು ವರ್ಷದಿಂದ ಸ್ಟುಡಿಯೊಗಳಲ್ಲಿದೆ, ಆಡಿಯೊ ಟೆಕ್ನಿಕಾದ ಎಂ ಸರಣಿಯದ್ದೂ ಆಗುತ್ತದೆ. ಒಂದು ಕಿವಿ ತೆಗೆದು ಹಾಡುವುದು ನಮ್ಮವರ ರೂಢಿ, ಬೇಡ ಅನ್ನಬೇಡಿ, ತಮ್ಮ ದನಿ ತಮಗೆ ಕೇಳಿದರೇ ಶ್ರುತಿ ನಿಲ್ಲುವುದು. ತೆಗೆದ ಬಟ್ಟಲನ್ನು ಕಿವಿಯ ಹಿಂದೆ ತಲೆಗೇ ಒತ್ತಿಡಲು ಹೇಳಿ, ಸೋರಿಕೆ ನಿಲ್ಲುತ್ತದೆ. ನಿಮಗೆ ಬೇಕಾದದ್ದು ಹಿಂಬದಿ ತೆರೆದ ಹೆಡ್‌ಫೋನ್. ಕೋಣೆ 56 ಹರ್ಟ್ಜಿನಲ್ಲಿ ಹೇಳುವ ಸುಳ್ಳನ್ನು ಹಿಡಿಯುವುದು ಇದರಿಂದ. ಈ ಎರಡರಲ್ಲಿ ಉಳಿತಾಯ ಮಾಡಬೇಡಿ, ನಿಮ್ಮ ಪಟ್ಟಿಯಲ್ಲಂತೂ ಒಂದೂ ಇರಲಿಲ್ಲ.

ಸ್ಪೀಕರು 8 ಇಂಚಿನದ್ದು ಬೇಡ, 5 ಇಂಚಿನ ಜೋಡಿ ಸಾಕು. 10 ಅಡಿಯ ಕೋಣೆಯಲ್ಲಿ 8 ಇಂಚು ಕೂರಿಸಿದರೆ ನಾನು ಮೇಲೆ ಹೇಳಿದ ಭೂತಕ್ಕೆ ನೀವೇ ಕರೆದು ಎಡೆ ಹಾಕಿದ ಹಾಗೆ. ಎರಡು ಸ್ಪೀಕರು, ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನ ಆಗಬೇಕು, ಮೇಲಿನ ಚಿಕ್ಕ ಸ್ಪೀಕರು ಕಿವಿಯ ಮಟ್ಟಕ್ಕೆ ಇರಬೇಕು. ಹಳೆಯ ಸ್ಟುಡಿಯೊಗಳ ಫೋಟೊದಲ್ಲಿ ಬಿಳಿ ಕೋನಿನ ಪುಟ್ಟ ಸ್ಪೀಕರು ನೋಡಿರುತ್ತೀರಿ, ಯಮಹಾ ಎನ್‌ಎಸ್ 10. 1978ರಲ್ಲಿ ಮನೆಯಲ್ಲಿ ಹಾಡು ಕೇಳಲಿಕ್ಕೆಂದು ಬಂದದ್ದು, ಮನೆಯವರಿಗೆ ಹಿಡಿಸಲಿಲ್ಲ. ಸ್ಟುಡಿಯೊದವರು ಎತ್ತಿಕೊಂಡರು, ಯಾಕೆಂದರೆ ಅದು ಹಾಡಿನ ಹುಳುಕನ್ನು ಮುಚ್ಚಿಡುತ್ತಿರಲಿಲ್ಲ. ಅಂಗಡಿಯಲ್ಲಿ ಕೇಳಿದಾಗ ‘ವಾವ್’ ಅನಿಸುವ ಸ್ಪೀಕರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಮಿಕ್ಸ್ ಮುಗಿದ ಮೇಲೆ ಮೊಬೈಲಿನಲ್ಲಿ ಕೇಳಿ, ಪರಿಚಯದ ಆಟೊದವರ ಬಳಿ ಕೇಳಿ. ಮೊಬೈಲಿನ ಸ್ಪೀಕರು ಡೊಳ್ಳಿನ ಕೆಳಸದ್ದನ್ನು ಹೊರಡಿಸುವುದೇ ಇಲ್ಲ. ಕೋಲಿನ ‘ಟಕ್’ ಕೇಳುವಂತಿದ್ದರೆ ಮಾತ್ರ ಡೊಳ್ಳು ಇದೆ ಅಂತ ಕೇಳುಗರಿಗೆ ಗೊತ್ತಾಗುವುದು. ಹಾಡನ್ನು ಸಿಕ್ಕಾಪಟ್ಟೆ ಜೋರು ಮಾಡಿ ಕೊಡಬೇಡಿ, ಹಾಡಿನ ಒಟ್ಟು ಜೋರನ್ನು ಅಳೆಯುವ ಲಫ್ಸ್ ಲೆಕ್ಕದಲ್ಲಿ ಮೈನಸ್ 14ಕ್ಕಿಂತ ಜೋರಿದ್ದರೆ ಯೂಟ್ಯೂಬೇ ಇಳಿಸುತ್ತದೆ.

ಕರೆಂಟಿನ ವಿಷಯ ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಸ್ಪೀಕರಿನಲ್ಲಿ ಸದಾ ‘ಗುಂಯ್’ ಅಂದರೆ ಅದು ಹೆಚ್ಚಾಗಿ ನಮ್ಮ 50 ಹರ್ಟ್ಜ್ ಕರೆಂಟಿನ ಹಾಡು. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ. ಎಲ್ಲ ಸಾಮಾನನ್ನೂ ಒಂದೇ ಬೋರ್ಡಿನಿಂದ ಓಡಿಸಿ. ಮನೆಯ ಅರ್ಥಿಂಗ್ ಗುಂಡಿ ಒಣಗಿದೆಯೋ ಏನೋ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ. ಕೆಲವರು ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನು ಮುರಿಯುತ್ತಾರೆ. ದಯವಿಟ್ಟು ಮಾಡಬೇಡಿ, ಮೈಕು ತುಟಿಗೆ ತಾಗಿಸಿ ಹಾಡುವವರ ಪ್ರಾಣದ ಪ್ರಶ್ನೆ ಅದು. ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟು ಹೋದಾಗ ರೆಕಾರ್ಡ್ ಮಾಡಬೇಡಿ, ಕಿರಿಕಿರಿ ಸದ್ದು ಟ್ರ್ಯಾಕಿನೊಳಗೇ ಕೂರುತ್ತದೆ. ಸೈನ್ ವೇವ್ ಇದ್ದರೆ ತೊಂದರೆಯಿಲ್ಲ.

ಸಾಫ್ಟ್‌ವೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೀಪರ್ 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಸಣ್ಣ ಸ್ಟುಡಿಯೊಗಳಿಗೆ 60 ಡಾಲರಿನ ಲೈಸೆನ್ಸ್ ಇದೆ. ಕ್ಯೂಬೇಸ್, ಎಫ್‌ಎಲ್ ಸ್ಟುಡಿಯೊ ನಿಮಗೆ ಈಗಾಗಲೇ ಕೈಗೆ ಕೂತಿದ್ದರೆ ಅದೇ ಇರಲಿ. ಪೆನ್‌ಡ್ರೈವಿನಲ್ಲಿ ಬರುವ ಕ್ರ್ಯಾಕ್ ಹಾಕಬೇಡಿ, ಗಿರಾಕಿ ಎದುರಿಗೆ ಕೂತಾಗಲೇ ಅದು ಕೈಕೊಡುವುದು. ಪ್ರತಿ ರಾತ್ರಿ ಎಲ್ಲವನ್ನೂ ಎರಡನೇ ಹಾರ್ಡ್‌ಡಿಸ್ಕಿಗೆ ಹಾಕಿ. 24 ಬಿಟ್, 48 ಸಾವಿರದಲ್ಲಿ ಒಂದು ಮೊನೊ ಟ್ರ್ಯಾಕಿಗೆ ನಿಮಿಷಕ್ಕೆ ಒಂಬತ್ತು ಎಂಬಿಯೂ ಆಗುವುದಿಲ್ಲ, ಡಿಸ್ಕ್ ಅಗ್ಗ.

ನಿಮ್ಮ ಒಂದೂವರೆ ಲಕ್ಷವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ. ಕೋಣೆ, ಬಾಗಿಲು, ಕಿಟಕಿಗೆ 40 ಸಾವಿರ. ಎರಡೂ ಹೆಡ್‌ಫೋನು, ಸ್ಪೀಕರು ಸೇರಿ 45 ಸಾವಿರ. ಇಂಟರ್‌ಫೇಸಿಗೂ ಮೈಕುಗಳಿಗೂ 50 ಸಾವಿರದೊಳಗೆ. ಉಳಿದದ್ದರಲ್ಲಿ ಸ್ಟ್ಯಾಂಡು, ಕೇಬಲ್, ಅರ್ಥಿಂಗ್. ಸ್ಟ್ಯಾಂಡು ಭಾರದ್ದೇ ಇರಲಿ, ಹಗುರದ್ದು ಟೇಕಿನ ನಡುವೆ ತಲೆ ಬಗ್ಗಿಸುತ್ತದೆ. ಕೇಬಲನ್ನು ಒಳ್ಳೆಯ ಕನೆಕ್ಟರ್ ತಂದು ನೀವೇ ಬೆಸುಗೆ ಹಾಕುವುದು ಕಲಿತರೆ ಜೀವಮಾನಕ್ಕಾಯಿತು. ಬಣ್ಣದ ಲೈಟಿಗೆ ನನ್ನ ಲೆಕ್ಕದಲ್ಲಿ ಸೊನ್ನೆ. ಹಾಕಲೇಬೇಕೆಂದರೆ ಬೆಳಕು ಕುಗ್ಗಿಸುವ ಡಿಮ್ಮರ್ ಇಲ್ಲದ್ದು ಹಾಕಿ, ಅಗ್ಗದ ಡಿಮ್ಮರಿನ ಸದ್ದು ಮೈಕಿಗೆ ನುಗ್ಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ದೊಡ್ಡ ಮೈಕು ಕಂಡರೇನೇ ಗಿರಾಕಿ ನಂಬುತ್ತಾರೆಯೇ? ನಂಬುತ್ತಾರೆ. ಅದನ್ನು ಅಲ್ಲಗಳೆಯಲು ನನ್ನಿಂದಾಗದು. 1902ರಲ್ಲಿ ಕೋಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡಾಗ ಮೈಕೇ ಇರಲಿಲ್ಲ, ಕಹಳೆಯಂಥ ಕೊಳವೆಯೊಳಗೆ ಹಾಡಿದರು. ಇವತ್ತು ಮಾತ್ರ ಮುಖದಷ್ಟು ಅಗಲದ ಮೈಕಿಲ್ಲದಿದ್ದರೆ ಯೂಟ್ಯೂಬಿನಲ್ಲಿ ಹಾಡೇ ಅಲ್ಲ ಅನ್ನುವಂತಾಗಿದೆ. ಸಾಲ ಮಾಡಿ ತಂದ ನನ್ನ ಆ ಕಂಡೆನ್ಸರ್ ಇನ್ನೂ ಇದೆ. ಮಳೆಗಾಲದಲ್ಲಿ ಥಂಡಿ ಹಿಡಿದು ಚಟಪಟ ಅನ್ನುತ್ತದೆ, ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಹಾಡೆಲ್ಲ 58ರಲ್ಲಿ ಮುಗಿದ ಮೇಲೆ ಅದನ್ನು ಹೊರಗೆ ತೆಗೆದು ಸ್ಟ್ಯಾಂಡಿಗೆ ಹಾಕುತ್ತೇವೆ, ಹಾಡುಗಾರರು ತಲೆ ಬಾಚಿಕೊಂಡು ಬಂದು ಅದರ ಮುಂದೆ ನಿಲ್ಲುತ್ತಾರೆ, ವಿಡಿಯೊದವನು ಶೂಟ್ ಮಾಡಿಕೊಳ್ಳುತ್ತಾನೆ. ಕೇಬಲ್ ಸಿಕ್ಕಿಸಿರುವುದಿಲ್ಲ, ಇಲ್ಲಿಯವರೆಗೆ ಯಾರೂ ಕೇಳಿಲ್ಲ.